ಕಲ್ಲಾದವನ ಕಾವಲು

ಬಿಸಿಯಾದ ಧೂಳಿಗೆ ಒಂದು ವಾಸನೆಯಿದೆ. ನನ್ನ ಬಾಲ್ಯವೆಂದರೆ ಆ ವಾಸನೆ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಶಾಲೆ ಬಿಟ್ಟೊಡನೆ ನಾನು ಅಲ್ಲಿಗೆ ಹೋಗಿ, ಅವಳ ಕುರ್ಚಿಯ ಹಿಂದೆ ಒಂದು ಕುಂಟು ಸ್ಟೂಲಿನ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಎದುರಿಗೆ ಗೋಡೆಯೆತ್ತರದ ಬೋರ್ಡು, ಅದರ ತುಂಬ ತೂತುಗಳು, ತೂತುಗಳಿಗೆ ಚುಚ್ಚುವ ತಂತಿಗಳು. ಬೆಳಗಿನಿಂದ ದುಡಿದು ಕಾದ ಬೋರ್ಡಿನಿಂದ ಧೂಳು, ರಬ್ಬರು, ಹಿತ್ತಾಳೆ ಎಲ್ಲ ಬೆರೆತ ಒಂದು ಘಾಟು ಬರುತ್ತಿತ್ತು. ಮನೆಗೆ ಬಂದು ಎಷ್ಟು ತಿಕ್ಕಿ ತೊಳೆದರೂ ಅಮ್ಮನ ಕೂದಲಿನಿಂದ ಅದು ಹೋಗುತ್ತಿರಲಿಲ್ಲ.

ಅಲ್ಲಿ ಒಂದು ನಿಯಮವಿತ್ತು. ಮೂರು ಸಲ ಕರೆದೂ ಉತ್ತರ ಬಾರದಿದ್ದರೆ ತಂತಿ ಕೀಳಬೇಕು. ಅಮ್ಮ ಮಾತ್ರ ಮೂರು ಸಲ ಕರೆದ ಮೇಲೂ ಒಂದು ಗಳಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಅದಕ್ಕಾಗಿ ಮೇಲ್ವಿಚಾರಕಿಯಿಂದ ಬೈಸಿಕೊಳ್ಳುತ್ತಿದ್ದಳು. "ಮೌನದಲ್ಲೂ ಮೂರು ಥರ ಇದೆ ಕಣೇ," ಎಂದು ನನಗೆ ಹೇಳಿದ್ದಳು. "ಸತ್ತ ಲೈನಿನದು ಒಂದು. ಮಾತು ಮುಗಿಸಿ ಎದ್ದುಹೋದವರದು ಒಂದು. ಆ ಕಡೆ ಯಾರೋ ಇದ್ದು ಮಾತಾಡೋಕೆ ಆಗದೆ ಇದ್ರೆ, ಅದೇ ಬೇರೆ. ಅದನ್ನ ಕಿತ್ತರೆ ಪಾಪ."

ಮುಂದೆ ನಾನು ಬಿ.ಎ. ಮುಗಿಸಿ ಅದೇ ಇಲಾಖೆಯ ವಿಚಾರಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತೆ. "ಗಡಿಯಾರದ ಅಂಗಡಿ ಮೇಲಿರೋ ಹಲ್ಲಿನ ಡಾಕ್ಟರು, ಹೆಸರು ಗೊತ್ತಿಲ್ಲ, ಸ್ವಲ್ಪ ಕುಂಟ್ತಾರೆ" ಎಂದವರಿಗೂ ನಂಬರು ಹುಡುಕಿ ಕೊಟ್ಟಿದ್ದೇನೆ. ನಿವೃತ್ತಿಯಾದ ಮೇಲೆ ಆ ಕಿವಿಗೂ ಆ ಬುದ್ಧಿಗೂ ಕೆಲಸವಿರಲಿಲ್ಲ, ಹೋದ ವರ್ಷದ ಒಂದು ಶನಿವಾರದವರೆಗೆ.

ನಾನಿರುವುದು ಮಗಳ ಜೊತೆ. ಅವಳು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಮಕ್ಕಳ ಯೂನಿಫಾರ್ಮು, ಆಸ್ಪತ್ರೆಯವರ ಬಿಳಿ ಕೋಟು ಹೊಲಿಯುತ್ತಾಳೆ. ಹಿಂದಿನ ಕೋಣೆಯಲ್ಲಿ ಅವಳ ಮಗಳು ಗುಬ್ಬಿ, ಅವಳ ಪುಸ್ತಕ, ಅವಳ ಕಂಪ್ಯೂಟರ್. ಗುಬ್ಬಿಗೆ ಹತ್ತೊಂಬತ್ತು, ಕಾಲೇಜಿನ ಎರಡನೇ ವರ್ಷ. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ನಾನೇ ಇಟ್ಟ ಅಡ್ಡಹೆಸರು. ಆ ಸಲ ಸಂಖ್ಯಾಶಾಸ್ತ್ರದಲ್ಲಿ ನಪಾಸಾಗಿದ್ದಳು. ಅಂಕಪಟ್ಟಿ ಬಂದ ದಿನ ಮನೆಯಲ್ಲಿ ಕುರುಕ್ಷೇತ್ರ.

"ದಿನಾ ಮೂರು ಗಂಟೆ ಆ ಪೆಟ್ಟಿಗೆ ಮುಂದೆ ಕೂತು ಏನು ಕಡಿದು ಕಟ್ಟೆ ಹಾಕ್ತೀಯ ಹೇಳು," ಎಂದಳು ಮಗಳು.

"ದೋಣಿ ನಡೆಸ್ತೀವಿ."

"ಎಲ್ಲಿ? ಈ ಮನೇಲಿ ಎರಡು ಬಕೆಟ್ ನೀರು ತುಂಬಿಡು ಅಂದ್ರೆ ಕೈ ನೋಯುತ್ತೆ, ಅಲ್ಲಿ ದೋಣಿ ನಡೆಸ್ತಾಳಂತೆ! ಜೊತೆಗೆ ಯಾರು?"

"ಮೆಣಸು, ತಗಡು, ಆಮೆ."

"ಇದೇನು ಮನುಷ್ಯರೋ, ಗುಜರಿ ಅಂಗಡಿನೋ?"

ನನಗೆ ನಗು ಬಂತು. ಇಬ್ಬರೂ ನನ್ನನ್ನು ಒಟ್ಟಿಗೆ ದುರುಗುಟ್ಟಿ ನೋಡಿದರು. ಆ ವಾರ ಅವರಿಬ್ಬರೂ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

"ಹೆಸರಿಲ್ಲ, ಮುಖ ಇಲ್ಲ, ವಿಳಾಸ ಇಲ್ಲ," ಎಂದು ಮಗಳು ಮುಂದುವರಿಸಿದಳು. "ನಾಳೆ ನಿನಗೆ ಜ್ವರ ಬಂದ್ರೆ ಅವರು ಬಂದು ಒಂದು ಲೋಟ ನೀರು ಕೊಡ್ತಾರಾ? ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆವರೆಗೂ ಟೈಮು. ಹೇಳೋದು ಹೇಳಿ ಮುಗಿಸಿ ಬಾ. ಆಮೇಲೂ ಆಡ್ತಾ ಕೂತಿದ್ರೆ ವೈರ್ ಕತ್ತರಿಸ್ತೀನಿ. ನನ್ನ ಕತ್ತರೀಲೇ ಕತ್ತರಿಸ್ತೀನಿ."

ಆ ಮಾತಿನ ತೂಕ ನಮಗೆ ಗೊತ್ತಿತ್ತು. ಬಟ್ಟೆಯ ಕತ್ತರಿಯಲ್ಲಿ ಒಂದು ತುಂಡು ಕಾಗದ ಕತ್ತರಿಸಿದರೂ ಅಲಗು ಮೊಂಡಾಯಿತೆಂದು ಊಟ ಬಿಡುವವಳು ಅವಳು.

ಅದೆಂಥ ಆಟ ಎಂದು ಅದೇ ವಾರ ಗುಬ್ಬಿಯನ್ನು ಕೇಳಿದ್ದೆ. ದೊಡ್ಡ ನದಿಯಂತೆ. ಎಲ್ಲೆಲ್ಲಿಂದಲೋ ಆಡಲು ಬಂದವರನ್ನು ಇವರು ನಾಲ್ವರು ಆಚೆ ದಡಕ್ಕೆ ದಾಟಿಸುತ್ತಾರೆ. ಹಗ್ಗ ಬಿಚ್ಚುವ ಮುಂಚೆ ನಾಲ್ವರೂ "ಇದ್ದೀನಿ" ಎನ್ನಬೇಕು. ಆಮೆ ಯಾವಾಗಲೂ ಕೊನೆಯವನು; ಅವನು ಹೇಳುವವರೆಗೆ ದೋಣಿ ಕದಲುವುದಿಲ್ಲ. ಆಟದ ಮಧ್ಯೆ ಯಾರಾದರೂ ಎದ್ದುಹೋದರೆ ತೆರೆಯ ಮೇಲಿನ ಅವರ ಗೊಂಬೆ ತಾನಾಗಿ ಕುಕ್ಕರುಗಾಲಲ್ಲಿ ಕೂತುಬಿಡುತ್ತದೆ. ಅದಕ್ಕೆ ಇವರು "ಕಲ್ಲಾಗೋದು" ಎನ್ನುತ್ತಾರೆ. ಕಲ್ಲಾದವರನ್ನು ತೋಳ ಬಂದು ಎಳೆದುಕೊಂಡು ಹೋಗುತ್ತದೆ. ಹಾಗಾಗದಂತೆ ಗುಡಿಸಲಿಗೆ ಸೇರಿಸಿ, ಒಬ್ಬರು ಕಂದೀಲು ಹಿಡಿದು ಬಾಗಿಲಲ್ಲಿ ನಿಲ್ಲಬೇಕು.

"ಕರೆದು ಎಬ್ಬಿಸಬಾರದಾ?" ಎಂದು ಕೇಳಿದ್ದೆ.

"ಊಹೂಂ. ಅದು ಮರ್ಯಾದೆ ಅಲ್ಲ ಅಜ್ಜಿ. ಸ್ನಾನಕ್ಕೆ ಹೋಗಿರ್ತಾರೋ, ಮನೇಲಿ ಜಗಳ ಆಗ್ತಿರುತ್ತೋ. ಕಲ್ಲಾದವರನ್ನ ಕೇಳಬಾರದು, ಕಾಯಬೇಕು ಅಷ್ಟೆ. ನಮ್ಮ ನಾಲ್ಕು ಜನದ್ದೇ ರೂಲು."

ಒಳ್ಳೆಯ ಮಕ್ಕಳು ಎಂದುಕೊಂಡೆ. ಆ ಶನಿವಾರ ಆ ಒಳ್ಳೆಯತನವೇ ಮುಳುವಾಯಿತು.

ಹನ್ನೆರಡಕ್ಕೆ ಇನ್ನು ಕಾಲು ಗಂಟೆಯಿತ್ತು. ಸಮಯ ನೆನಪಿಸೋಣವೆಂದು ಒಂದು ಲೋಟ ನೀರು ಹಿಡಿದು ಗುಬ್ಬಿಯ ಕೋಣೆಗೆ ಹೋದೆ. ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಬೆಳಗಿನಿಂದ ಉರಿಯುತ್ತಿದ್ದ ಕಂಪ್ಯೂಟರಿನ ಬೆನ್ನಿನಿಂದ ಬಿಸಿ ಧೂಳಿನ ವಾಸನೆ. ತೆರೆಯ ಮೇಲೆ ಒಂದು ಗುಡಿಸಲು. ಒಳಗೆ ಕುಕ್ಕರುಗಾಲಲ್ಲಿ ಕೂತ ಒಂದು ಗೊಂಬೆ. ಬಾಗಿಲಲ್ಲಿ ಕಂದೀಲು ಹಿಡಿದ ಇನ್ನೊಂದು.

"ಆಮೆ ಕಲ್ಲಾಗಿದ್ದಾನೆ ಅಜ್ಜಿ," ಎಂದಳು ಗುಬ್ಬಿ. ಅತ್ತಿದ್ದಳೆಂದು ಕಣ್ಣು ಹೇಳುತ್ತಿತ್ತು. "ಮೆಣಸು, ತಗಡು ಇಬ್ಬರಿಗೂ ಹೇಳಿಯಾಯ್ತು. ಇವನಿಗೆ ಹೇಳದೆ ಹೇಗೆ ಹೋಗಲಿ?"

"ಎಷ್ಟು ಹೊತ್ತಾಯಿತು?"

"ನಲವತ್ತು ನಿಮಿಷ. ಯಾವತ್ತೂ ಇಷ್ಟು ಹೊತ್ತು ಹೋದವನಲ್ಲ. ತಗೋ, ಕೇಳು, ಮೆಣಸು ನನ್ನ ನಗಿಸೋಕೆ ಒದ್ದಾಡ್ತಿದ್ದಾನೆ." ತನ್ನ ಹೆಡ್‌ಫೋನು ತೆಗೆದು ನನ್ನ ಕಿವಿಗೆ ಹಾಕಿದಳು.

ಒಬ್ಬ ಹುಡುಗ ಯಾವುದೋ ಕೋಳಿಯ ಕಥೆ ಹೇಳುತ್ತಿದ್ದ. ಅವನ ಮಾತಿನ ಹಿಂದೆ, ಬಾವಿಯ ತಳದಲ್ಲಿ ಕೊಡ ತಾಗಿದಂತೆ, ಇನ್ನೇನೋ ಇತ್ತು.

"ಸ್ವಲ್ಪ ಸುಮ್ಮನಿರ್ತೀರಾಪ್ಪ ಎಲ್ಲಾರೂ?" ಎಂದೆ.

"ಯಾರಿದು?"

"ನಾನು ಗುಬ್ಬಿ ಅಜ್ಜಿ. ಒಂದು ನಿಮಿಷ."

ಸುಮ್ಮನಾದರು. ನಾನು ಕಣ್ಣು ಮುಚ್ಚಿದೆ. ಅರವತ್ತು ವರ್ಷಗಳ ಹಿಂದಿನ ಆ ಸ್ಟೂಲು ನನ್ನ ಕೆಳಗೆ ಅಲ್ಲಾಡಿದಂತಾಯಿತು. ಒಂದು ಉಸಿರು, ಒರಟಾಗಿ ಎಳೆದದ್ದು. ನಿಂತಿತು. ಇಷ್ಟೇ ಇರಬೇಕು ಎನ್ನುವಷ್ಟರಲ್ಲಿ ಮತ್ತೆ ಎಳೆಯಿತು. ಅಮ್ಮ ಹೇಳಿದ್ದ ಮೂರನೆಯ ಮೌನ.

"ಇವರು ಎದ್ದು ಹೋಗಿಲ್ಲ," ಎಂದೆ. "ಅಲ್ಲೇ ಇದ್ದಾರೆ. ಬಿದ್ದಿದ್ದಾರೆ."

"ನಿದ್ದೆ ಹೊಡೀತಿರಬಹುದು ಅಜ್ಜಿ. ಗೊರಕೆ," ಎಂದ ಮೆಣಸು.

"ನಲವತ್ತು ವರ್ಷ ಗಂಡನ ಗೊರಕೆ ಕೇಳಿದ್ದೀನಪ್ಪ. ಇದು ಅದಲ್ಲ."

ಇನ್ನೊಂದು ದನಿ ಕೇಳಿತು, ದಪ್ಪನೆಯ ದನಿ. ತಗಡು. "ಹನ್ನೊಂದು ದಾಟಿದ ಮೇಲೆ ಧಡ್ ಅಂತ ಕೇಳಿಸ್ತು. ಕುರ್ಚಿ ಸರಿಸಿದ ಅಂದ್ಕೊಂಡೆ. ಕೇಳೋಣ ಅಂತ ಬಾಯಿವರೆಗೂ ಬಂತು, ಆಮೇಲೆ… ಕೇಳಬಾರದಲ್ಲ ಅಂತ…"

ಹೆಡ್‌ಫೋನಿನಿಂದ ಸೋರಿದ ಆ ಮಾತು ಗುಬ್ಬಿಗೂ ಕೇಳಿಸಿತ್ತು. ಹೆಡ್‌ಫೋನಿನ ವೈರನ್ನು ಕಂಪ್ಯೂಟರಿನಿಂದ ಜಗ್ಗಿ ಕಿತ್ತಳು. ಕೋಣೆಯ ತುಂಬ ಆ ಉಸಿರು ಹರಡಿತು. ತೆರೆಯಲ್ಲಿ ಕಂದೀಲು ಹಿಡಿದ ಅವಳ ಗೊಂಬೆ ಅಲ್ಲಾಡದೆ ನಿಂತೇ ಇತ್ತು. ನಲವತ್ತು ನಿಮಿಷ ಅವಳು ಇಲ್ಲದ ತೋಳಗಳಿಂದ ಅವನನ್ನು ಕಾದಿದ್ದಳು.

"ಆಮೇ! ಲೋ ಆಮೇ! ಎದ್ದೇಳೋ!" ಎಂದು ಮೆಣಸು ಕಿರುಚತೊಡಗಿದ.

"ಕಿರುಚಬೇಡಪ್ಪ, ಅವರ ಉಸಿರು ಕೇಳಿಸ್ತಿರಬೇಕು ನನಗೆ," ಎಂದೆ. "ಅವರ ನಿಜವಾದ ಹೆಸರೇನು?"

ಯಾರಿಗೂ ಗೊತ್ತಿರಲಿಲ್ಲ. ಊರು ಗೊತ್ತಿತ್ತು; ಮಳೆ ಬಂದಾಗಲೆಲ್ಲ ಹೇಳುತ್ತಿದ್ದನಂತೆ. ಬೀದಿ ಗೊತ್ತಿಲ್ಲ. ಮನೆಯಲ್ಲಿ ಒಬ್ಬನೇ. ಮಾತು ಕಡಿಮೆ. ಇಷ್ಟೇ. ನಮ್ಮೂರಿನಿಂದ ಅದು ರಾತ್ರಿ ಬಸ್ಸಿನ ದೂರ, ಹತ್ತು ಲಕ್ಷ ಜನರ ಊರು.

ತಗಡು ಬೆಸುಗೆ ಅಂಗಡಿಯವನು, ಶನಿವಾರ ಅವನಿಗೆ ರಜೆ. ತನ್ನ ಫೋನಿನಿಂದ ತುರ್ತು ಸಹಾಯಕ್ಕೆ ಕರೆ ಮಾಡಿದ. ಅವರು ವಿಳಾಸ ಕೇಳಿದರು, ಹೆಸರು ಕೇಳಿದರು, ಕೊನೆಗೆ "ಆಟದಲ್ಲಾ?" ಎಂದು ಕೇಳಿದರು. ಮೆಣಸು ಹಲ್ಲಿನ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಹುಡುಗ. ಅವನು ಆಟದ ಕಂಪನಿಗೆ ಬರೆದ. ಮೂರು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆಂದು ತಕ್ಷಣ ಉತ್ತರ ಬಂತು.

ಆಗ ಹೊರಗೆ ಮಿಷಿನ್ನಿನ ಸದ್ದು ನಿಂತಿತು. ಗಂಟೆ ಹನ್ನೆರಡು.

ಮಗಳು ಬಾಗಿಲಲ್ಲಿ ನಿಂತಳು, ಬಲಗೈಯಲ್ಲಿ ಕತ್ತರಿ. ನನ್ನನ್ನೂ ಅಲ್ಲಿ ಕಂಡು ಅವಳ ಮುಖ ಇನ್ನಷ್ಟು ಬಿಗಿಯಾಯಿತು. "ನೀನೂ ಸೇರ್ಕೊಂಡ್ಯಾಮ್ಮ?"

"ಅಮ್ಮ, ಪ್ಲೀಸ್, ಇವತ್ತು ಬೇಡ, ಆಮೆ ಬಿದ್ದಿದ್ದಾನೆ…"

"ಬೀಳಲಿ. ಎದ್ದೇಳ್ತಾನೆ. ಅದರಲ್ಲಿ ಸತ್ತವರೇ ಎದ್ದೇಳ್ತಾರೆ." ಬಗ್ಗಿ, ಗೋಡೆಯಿಂದ ಬರುವ ಇಂಟರ್‌ನೆಟ್ ವೈರನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ಕತ್ತರಿಯ ಬಾಯಿ ತೆರೆಯಿತು. ಎರಡು ಅಲಗುಗಳ ನಡುವೆ ಆ ಸಣ್ಣ ಬಿಳಿ ವೈರು.

"ಕತ್ತರಿಸಬೇಡ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ಅದು ತುಂಡಾದರೆ ಇನ್ನೊಂದು ಜನ್ಮಕ್ಕೂ ಆ ಮನೆ ಸಿಗಲ್ಲ. ಮೊದಲು ಕೇಳು."

"ಏನು ಕೇಳೋದು?"

"ಸುಮ್ಮನೆ ಕೇಳೇ."

ಕೇಳಿದಳು. ಉಸಿರು ಎಳೆಯಿತು. ನಿಂತಿತು. ನಾವು ಮೂವರೂ ನಮ್ಮ ಉಸಿರು ಹಿಡಿದಿದ್ದೆವು. ನಾನು ಮನಸ್ಸಿನಲ್ಲೇ ಎಣಿಸಿದೆ: ಐದು, ಆರು, ಏಳು. ಮತ್ತೆ ಎಳೆಯಿತು, ಈ ಸಲ ಗಂಟಲಲ್ಲಿ ಏನೋ ಕಟ್ಟಿಕೊಂಡ ಸದ್ದಿನೊಡನೆ.

ಕತ್ತರಿ ನಿಧಾನವಾಗಿ ವೈರಿನಿಂದ ಹಿಂದೆ ಸರಿಯಿತು. ಮಗಳು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, "ಯಾರದು?" ಎಂದಳು. ಕೋಪ ಇನ್ನೂ ದನಿಯಲ್ಲಿತ್ತು, ಆದರೆ ಅದು ದಾರಿ ತಪ್ಪಿದ ಕೋಪ.

"ಅದೇ ಗೊತ್ತಿಲ್ಲ," ಎಂದೆ.

ವಿಚಾರಣೆ ವಿಭಾಗದಲ್ಲಿ ನಾನು ಕಲಿತದ್ದು ಒಂದೇ. ಜನರಿಗೆ ತಮಗೆ ಏನು ಗೊತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಹೆಸರು ಕೇಳಿದರೆ ತಲೆ ಆಡಿಸುತ್ತಾರೆ. ಆ ಮನುಷ್ಯ ಏನು ಮಾಡುತ್ತಾನೆ ಎಂದು ಕೇಳಿದರೆ ಬಾಯಿ ಬಿಡುತ್ತಾರೆ.

"ಆಮೆ ಯಾವ ಯಾವ ಹೊತ್ತಿಗೆ ಕಲ್ಲಾಗ್ತಾರೆ? ಅದು ಹೇಳಿ."

ಮೂವರೂ ಒಟ್ಟಿಗೆ ಮಾತಾಡಿದರು. ಹನ್ನೆರಡೂವರೆಗೆ! ಹನ್ನೆರಡೂವರೆಗೆ ಅವನಿಗೆ ಡಬ್ಬಿ ಊಟ ಬರುತ್ತದೆ. ಬೆಲ್ಲು ಮೂರು ಸಲ. "ನನ್ನ ಅನ್ನದಾತೆ ಬಂದಳು" ಎಂದು ಹೇಳಿ ಎರಡು ನಿಮಿಷ ಎದ್ದುಹೋಗುತ್ತಾನೆ.

ಗಡಿಯಾರ ನೋಡಿದೆವು. ಹನ್ನೆರಡು ಹದಿನೆಂಟು. ಜೀವ ಬಂದಂತಾಯಿತು. ಡಬ್ಬಿಯವಳು ಬಂದೊಡನೆ ಎಲ್ಲರೂ ಒಟ್ಟಿಗೆ ಕೂಗುವುದು, ಬಾಗಿಲು ಒಡೆಯಿರಿ ಎನ್ನುವುದು. ಆ ಹನ್ನೆರಡು ನಿಮಿಷ ನಾವು ಉಸಿರು ಎಣಿಸುತ್ತ ಕೂತೆವು. ಮಗಳು ಮಂಚದ ಅಂಚಿನಲ್ಲಿ ಕೂತಳು. ಮುಂದಿನ ಕೋಣೆಯಲ್ಲಿ ಯಾರೋ ಗಿರಾಕಿ "ಅಕ್ಕಾ" ಎಂದು ಎರಡು ಸಲ ಕರೆದು ಹೋದರು, ಅವಳು ಏಳಲಿಲ್ಲ.

ಬೆಲ್ಲು ಕೇಳಿತು. ಒಂದು, ಎರಡು, ಮೂರು.

"ಬಾಗಿಲು ಒಡೀರಿ! ಒಳಗೆ ಬಿದ್ದಿದ್ದಾರೆ! ಯಾರಾದ್ರೂ ಬನ್ನಿ!" ನಾಲ್ಕು ಗಂಟಲುಗಳು ಒಟ್ಟಿಗೆ ಕಿರುಚಿದವು. ನಾನೂ ಕಿರುಚಿದೆ.

ಆ ಕಡೆ, ಬಹಳ ದೂರದಿಂದ, ಒಬ್ಬ ಹೆಂಗಸಿನ ದನಿ ನೆಮ್ಮದಿಯಾಗಿ ಹೇಳಿತು: "ಸಾರ್, ಮಲಗಿದ್ದೀರಾ? ಡಬ್ಬಿ ಇಲ್ಲೇ ಇಟ್ಟಿದ್ದೀನಿ." ಮೆಟ್ಟಿಲಿಳಿಯುವ ಸದ್ದು. ಸ್ಕೂಟರು ಶುರುವಾಯಿತು. ಸ್ಕೂಟರು ಹೋಯಿತು.

ತಗಡು ಗೊಣಗಿದ, "ಅವನು ಹೆಡ್‌ಫೋನ್ ಹಾಕ್ಕೊಂಡಿದ್ದಾನೆ. ನಾವು ಕೂಗಿದ್ದೆಲ್ಲ ಅವನ ಕಿವೀಲೇ ಉಳೀತು."

ಗುಬ್ಬಿ ಮೇಜಿನ ಮೇಲೆ ತಲೆಯಿಟ್ಟಳು. ಮಗಳು ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ, ಇಡದೆ, ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. "ಅಳೋದು ಆಮೇಲೆ ಅಳು," ಎಂದಳು. "ಆ ಡಬ್ಬಿ ಎಲ್ಲಿಂದ ಬರುತ್ತೆ?"

"ಗೊತ್ತಿಲ್ಲ."

"ಡಬ್ಬೀಲಿ ಏನಿರುತ್ತೆ? ಹೇಗಿರುತ್ತೆ? ಏನಾದ್ರೂ ಹೇಳಿದ್ದಾನಾ?"

ನಾನು ನನ್ನ ಮಗಳನ್ನು ಆಶ್ಚರ್ಯದಿಂದ ನೋಡಿದೆ. ಮೂವತ್ತೊಂದು ವರ್ಷ ನಾನು ಕಲಿತದ್ದನ್ನು ಅವಳು ನಿಂತ ನಿಲುವಿನಲ್ಲೇ ಕೇಳಿದ್ದಳು.

ಗುಬ್ಬಿ ತಲೆಯೆತ್ತಿದಳು. ಹೇಳಿದ್ದ. ಎಷ್ಟೋ ಹೇಳಿದ್ದ. ಸೋಮವಾರ ಕುಂಬಳಕಾಯಿ. ಗುರುವಾರ ಮತ್ತೆ ಕುಂಬಳಕಾಯಿ, ಬೇರೆ ವೇಷದಲ್ಲಿ. ಅವನದು ಉಪ್ಪಿಲ್ಲದ ಡಬ್ಬಿ. ಬೇರೆಯವರ ಡಬ್ಬಿಯೊಡನೆ ಅದಲು ಬದಲಾಗದಿರಲೆಂದು ಅಡುಗೆಯಾಕೆ ಅದರ ಹಿಡಿಗೆ ಕೆಂಪು ದಾರ ಕಟ್ಟುತ್ತಾಳೆ. ಅವನ ಹುಟ್ಟುಹಬ್ಬವೆಂದು ತಿಳಿದು ಒಂದು ದಿನ ಎರಡು ಸುತ್ತು ಕಟ್ಟಿದ್ದಳಂತೆ.

"ಹೆಸರು ಗೊತ್ತಿಲ್ಲ, ದಾರದ ಬಣ್ಣ ಗೊತ್ತು!" ಎಂದಳು ಮಗಳು. ಬೈಗುಳವೋ ಬೆರಗೋ, ಅವಳಿಗೂ ತಿಳಿದಿರಲಾರದು.

ಮೆಣಸು ಆ ಊರಿನ ಡಬ್ಬಿ ಊಟದವರ ಪಟ್ಟಿ ತೆಗೆದ. ಮೂವತ್ತೆರಡು. ನಾಲ್ಕು ಪಾಲು ಮಾಡಿದೆವು: ಮೆಣಸಿಗೆ ಎಂಟು, ತಗಡಿಗೆ ಎಂಟು, ನನಗೆ ಎಂಟು, ಮಗಳಿಗೆ ಎಂಟು. ಗುಬ್ಬಿಯ ಕೆಲಸ ಉಸಿರು ಕೇಳುವುದು, ಅವನೊಡನೆ ಮಾತಾಡುತ್ತಿರುವುದು. ನಾವು ಕೂಗಿದ್ದು ಅವನ ಕಿವಿಯಲ್ಲೇ ಉಳಿಯುವುದಾದರೆ, ಹೇಳುವುದಾದರೂ ಅವನಿಗೇ ಹೇಳಲಿ ಎಂದು ನಾನೇ ಹೇಳಿದ್ದೆ.

"ಆಮೆ, ನಾನು ಗುಬ್ಬಿ. ಇದ್ದೀನಿ," ಎಂದು ಅವಳು ಶುರುಮಾಡಿದಳು. "ಎಲ್ಲಾರೂ ಇದ್ದೀವಿ. ನೀನು ಹೇಳೋವರೆಗೂ ಹಗ್ಗ ಬಿಚ್ಚಲ್ಲ."

ನನ್ನ ಮೊದಲ ನಾಲ್ಕರಲ್ಲಿ ಎರಡು ಎತ್ತಲಿಲ್ಲ. ಒಬ್ಬರು "ಉಪ್ಪಿಲ್ಲದ ಡಬ್ಬಿ ನೂರಿದೆ, ಯಾವುದು ಬೇಕು?" ಎಂದರು. ಒಬ್ಬರು ನನ್ನನ್ನು ಗಿರಾಕಿಯೆಂದು ತಿಳಿದು ತಿಂಗಳ ದರ ಹೇಳತೊಡಗಿದರು. ಶನಿವಾರ ಮಧ್ಯಾಹ್ನ ಅಡುಗೆಮನೆಗಳಲ್ಲಿ ಎಲ್ಲರ ಕೈಯಲ್ಲೂ ಸೌಟು, ಫೋನಿನಲ್ಲಿ ಎಲ್ಲರಿಗೂ ಅವಸರ. ಹಿಂದೆ ಆ ಉಸಿರು. ಏಳು ಎಣಿಕೆಯಿದ್ದದ್ದು ಒಂಬತ್ತಕ್ಕೆ ಹೋಗಿತ್ತು. ಗುಬ್ಬಿ ನನ್ನತ್ತ ನೋಡಿದಳು. ಅವಳೂ ಎಣಿಸುತ್ತಿದ್ದಳು.

ಮಗಳು ಐದನೆಯ ನಂಬರಿಗೆ ಮಾತಾಡುತ್ತಿದ್ದಳು. "ಅಕ್ಕಾ, ಒಂದೇ ಪ್ರಶ್ನೆ. ನಿಮ್ಮ ಯಾವುದಾದ್ರೂ ಡಬ್ಬಿ ಹಿಡಿಗೆ ಕೆಂಪು ದಾರ ಕಟ್ತೀರಾ?"

"ಕೆಂಪು ದಾರಾನಾ? ಇಲ್ಲಮ್ಮ, ಯಾವ ಡಬ್ಬಿಗೂ ಇಲ್ಲ," ಎಂಬ ಉತ್ತರ ನನಗೂ ಕೇಳಿಸಿತು. ಮಗಳು "ಸರಿ" ಎಂದು ಫೋನು ಕಿವಿಯಿಂದ ತೆಗೆದು, ಬೆರಳನ್ನು ಕೆಂಪು ಗುಂಡಿಯತ್ತ ಒಯ್ದಳು.

ನಾನು ಅವಳ ಮಣಿಕಟ್ಟು ಹಿಡಿದೆ. ಯಾಕೆಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಆ ಕಡೆಯವಳು ಇನ್ನೂ ಎದ್ದುಹೋಗಿರಲಿಲ್ಲ, ಅಷ್ಟೆ. ಪಾತ್ರೆಯ ಸದ್ದು ನಿಂತಿತ್ತು. ಅವಳೂ ಏನನ್ನೋ ಯೋಚಿಸುತ್ತಿದ್ದಳು.

"ಕಿತ್ತಳೆ ಇದೆ," ಎಂದಿತು ಫೋನು. "ಕೆಂಪು ಉಂಡೆ ಮುಗಿದುಹೋಯ್ತು, ಈ ವಾರದಿಂದ ಕಿತ್ತಳೆ ಉಣ್ಣೆ ಕಟ್ತಿದ್ದೀನಿ. ಯಾಕಮ್ಮ?"

ಗುಬ್ಬಿ ಕುರ್ಚಿಯಿಂದ ನೆಗೆದಳು. "ಹೌದು! ಹೌದು ಅಮ್ಮ! ಸೋಮವಾರ ಹೇಳಿದ್ದ, ನನ್ನ ಡಬ್ಬಿಗೆ ಪ್ರಮೋಷನ್ ಆಯ್ತು, ಬಣ್ಣ ಬದಲಾಯ್ತು ಅಂತ!"

ಮಗಳು ಗಿರಾಕಿಗಳಿಗೆ ಅಳತೆ ಹೇಳುವ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಆ ಮನೆಯವರು ಬಿದ್ದಿದ್ದಾರೆ. ಉಸಿರಿದೆ. ಬಾಗಿಲು ಒಳಗಿನಿಂದ ಹಾಕಿದೆ. ಡಬ್ಬಿಯವರು ಈಗಷ್ಟೇ ಬಂದು ಹೋದರು. ಆ ಅಡುಗೆಯಾಕೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಅಯ್ಯೋ, ಮೇಷ್ಟ್ರು!" ಎಂದಳು, ಫೋನು ಹಾಗೇ ಇಟ್ಟು ಓಡಿದಳು. ಅವಳ ಒಲೆಯ ಮೇಲೆ ಏನೋ ಚುರುಗುಟ್ಟಿ ಸೀಯುವ ಸದ್ದು ಸ್ವಲ್ಪ ಹೊತ್ತು ನಮಗೆ ಕೇಳುತ್ತಲೇ ಇತ್ತು.

"ಮೇಷ್ಟ್ರಾ?" ಎಂದ ಮೆಣಸು. "ಎಷ್ಟು ವಯಸ್ಸು?"

ಅಡುಗೆಯಾಕೆ ಏದುಸಿರು ಬಿಡುತ್ತ ವಾಪಸು ಬಂದಾಗ ಅದೂ ತಿಳಿಯಿತು. ಎಪ್ಪತ್ತೆರಡು. ಸ್ಕೂಟರಿನವಳು ತಿರುಗಿ ಹೊರಟಿದ್ದಾಳೆ, ಆಂಬುಲೆನ್ಸಿಗೆ ವಿಳಾಸ ಹೇಳಿಯಾಗಿದೆ.

"ಎಪ್ಪತ್ತೆರಡಾ! ನಾನು ಎರಡು ವರ್ಷದಿಂದ ಲೋ ಲೋ ಅಂತಿದ್ದೆನಲ್ಲೋ ತಗಡು!"

"ನಾನು ಹೋದ ವಾರ ಸೋಮಾರಿ ಅಂದೆ," ಎಂದ ತಗಡು.

ಮುಂದಿನ ಒಂಬತ್ತು ನಿಮಿಷ ಗುಬ್ಬಿ "ಆಮೆ, ಇದ್ದೀವಿ… ಸಾರ್, ಇದ್ದೀವಿ," ಎನ್ನುತ್ತಲೇ ಇದ್ದಳು. ಆಮೇಲೆ ಆ ಕಡೆ ಹೆಜ್ಜೆಗಳು, ಒಂದಲ್ಲ, ನಾಲ್ಕಾರು. ಬಾಗಿಲಿಗೆ ಗುದ್ದು. ಮರ ಸೀಳಿದ ಸದ್ದು. "ಮೇಷ್ಟ್ರೇ! ಅಯ್ಯೋ ದೇವರೇ… ಹಿಡ್ಕೊಳ್ಳಿ, ತಲೆ ಹಿಡ್ಕೊಳ್ಳಿ… ಇದೆ, ಇದೆ, ಉಸಿರಿದೆ." ಯಾವುದೋ ವೈರು ಎಳೆದಾಡಿದ ಗರಗರ. ಯಾರೋ ಅವರ ತಲೆಯಿಂದ ಹೆಡ್‌ಫೋನು ತೆಗೆಯುತ್ತಿದ್ದರು. ಸ್ಕೂಟರಿನವಳ ದನಿ ಥಟ್ಟನೆ ಕಿವಿಯ ಪಕ್ಕದಲ್ಲೇ ಕೇಳಿಸಿತು:

"ಹಲೋ? ಇದರಲ್ಲಿ ಯಾರೋ ಮಾತಾಡ್ತಿದ್ದಾರಲ್ಲ? ಯಾರು ನೀವು? ಇವರಿಗೆ ಏನಾಗಬೇಕು?"

ಗುಬ್ಬಿ ಬಾಯಿ ತೆರೆದಳು. ನನ್ನತ್ತ ನೋಡಿದಳು, ತಾಯಿಯತ್ತ ನೋಡಿದಳು. ಮಗಳಲ್ಲ, ಮೊಮ್ಮಗಳಲ್ಲ, ವಿದ್ಯಾರ್ಥಿಯೂ ಅಲ್ಲ.

"ನಾವು… ಅವರ ದೋಣಿಯವರು," ಎಂದಳು.

ಆ ಕಡೆಯವಳಿಗೆ ಏನು ಅರ್ಥವಾಯಿತೋ. "ಸರಿ," ಎಂದಳು. "ಕಣ್ಣು ಬಿಟ್ಟಿದ್ದಾರೆ. ಆಂಬುಲೆನ್ಸ್ ಬಂತು. ಈ ಮಿಷಿನ್ ಆರಿಸಿ ಹೋಗಲಾ?"

"ಬೇಡ," ಎಂದಳು ಗುಬ್ಬಿ ತಕ್ಷಣ. "ಆರಿಸಬೇಡಿ. ಹಾಗೇ ಇರಲಿ."

ಹೆಜ್ಜೆಗಳು, ಮೆಟ್ಟಿಲು, ಸೈರನ್ನು. ಆಮೇಲೆ ಖಾಲಿ ಮನೆಯ ಮೌನ, ಎರಡನೆಯ ಥರದ್ದು.

ಎರಡೂವರೆಯ ಹೊತ್ತಿಗೆ ಅಡುಗೆಯಾಕೆ ಫೋನು ಮಾಡಿದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಜೀವಕ್ಕೆ ಸದ್ಯ ಭಯವಿಲ್ಲ. ಎಡಗೈ ಆಡುತ್ತಿಲ್ಲ, ಮಾತು ಬಂದಿಲ್ಲ. ಬರಬಹುದು, ಬಾರದೆಯೂ ಇರಬಹುದು. ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದರಂತೆ ಡಾಕ್ಟರು. ಆ ಕೊನೆಯ ಮಾತನ್ನು ನಾನು ಗುಬ್ಬಿಗೆ ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿತ್ತು. ನಲವತ್ತು ನಿಮಿಷಗಳ ಲೆಕ್ಕ ಅವಳು ಮರೆಯುವಂಥದ್ದಲ್ಲ. ಮೂವರೂ ಸೇರಿ ಹಳೆಯ ರೂಲು ತೆಗೆದುಹಾಕಿದ್ದರು. ಇನ್ನು ಮೇಲೆ ಕಲ್ಲಾದವರನ್ನು ಐದು ನಿಮಿಷಕ್ಕೊಮ್ಮೆ ಕರೆಯಬೇಕು, ಮರ್ಯಾದೆ ಹೋದರೂ ಸರಿ.

ಮಗಳು ಬಾಗಿಲಲ್ಲಿ ಬಂದು ನಿಂತಳು. ಕತ್ತರಿ ಕೈಯಲ್ಲಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಮರೆತಿದ್ದಳು. ತೆರೆಯ ಮೇಲೆ ಕತ್ತಲಾಗಿತ್ತು. ಗುಡಿಸಲೊಳಗೆ ಅದೇ ಗೊಂಬೆ, ಬಾಗಿಲಲ್ಲಿ ಅದೇ ಕಂದೀಲು.

"ಇನ್ನೂ ಯಾಕೆ ನಿಂತಿದ್ದೀಯ? ಅವರು ಆಸ್ಪತ್ರೇಲಿದ್ದಾರಲ್ಲ," ಎಂದಳು.

"ಇಲ್ಲಿ ಇನ್ನೂ ಕೂತೇ ಇದ್ದಾರಲ್ಲಮ್ಮ. ತೋಳ ಬರುತ್ತೆ. ನಾಲ್ಕು ಗಂಟೆಗೆ ಮೆಣಸು ಬರ್ತಾನೆ, ರಾತ್ರಿಗೆ ತಗಡು." ಗುಬ್ಬಿ ತೆರೆಯಿಂದ ಕಣ್ಣು ತೆಗೆಯಲಿಲ್ಲ. "ವಾಪಸ್ ಬಂದಾಗ, ಎಲ್ಲಿ ಬಿಟ್ಟು ಹೋಗಿದ್ರೋ ಅಲ್ಲೇ ಇರಬೇಕಲ್ವಾ?"

ಮಗಳು ಏನೋ ಹೇಳಲು ಬಾಯಿ ತೆರೆದಳು. ಇಲ್ಲದ ತೋಳ, ಇಲ್ಲದ ಗುಡಿಸಲು, ಇರುವ ಸಂಖ್ಯಾಶಾಸ್ತ್ರ. ಎಲ್ಲ ಅವಳ ನಾಲಿಗೆಯ ತುದಿಯಲ್ಲಿ ಇದ್ದದ್ದು ನನಗೆ ಕಾಣುತ್ತಿತ್ತು. ಅದರಲ್ಲಿ ಒಂದೂ ಸುಳ್ಳಲ್ಲ. ಅವಳು ತಿರುಗಿ ಹೊರಗೆ ಹೋದಳು.

ಅಡುಗೆಮನೆಯಲ್ಲಿ ತಟ್ಟೆಯ ಸದ್ದಾಯಿತು. ಆ ಕೋಣೆಗೆ ತಟ್ಟೆ ತರಬಾರದು ಎಂಬುದು ಈ ಮನೆಯಲ್ಲಿ ಎಷ್ಟೋ ವರ್ಷಗಳ ಕಟ್ಟಳೆ. ಎಂಜಲು, ಇರುವೆ, ಬಟ್ಟೆಗೆ ಕಲೆ ಎಂದು ಮಾಡಿದವಳು ಅವಳೇ. ಬೆಳಗಿನ ಅಡುಗೆಯನ್ನು ಬಿಸಿ ಮಾಡಿಕೊಂಡು ಬಂದಳು. ಮೇಜಿನ ಮೇಲಿದ್ದ ಪುಸ್ತಕ ಸರಿಸಿ, ಹೊಲಿಗೆಯ ತುಂಡುಬಟ್ಟೆಯೊಂದನ್ನು ಹಾಸಿದಳು. ಆಮೇಲೆ, ಮೌಸಿನ ಮೇಲಿದ್ದ ಗುಬ್ಬಿಯ ಬಲಗೈ ಕಂದೀಲು ಹಿಡಿದಿರುವುದನ್ನು ಕಂಡು, ತಟ್ಟೆಯನ್ನು ಅವಳ ಎಡಗೈಗೆ ಕೊಟ್ಟಳು.